ಕೂವೆಯೊಳಗಿನ ತಂತಿ: ಹಾಯಿದೋಣಿಗೆ ದನಿ ಬಂದ ಕಥೆ

ಈ ಸಲದ ಮಾತುಕತೆಯ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ ಕೆಲವು ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲೇ ಹೇಳಿಬಿಡ್ತೀನಿ, ನಾನು ನಾವಿಕನಲ್ಲ. ಕುಮಟಾ ಹತ್ತಿರದ ಊರವನು. ಎಂಟೆಕ್ ಮುಗಿಸಿ ಮುಂಬೈಗೆ ಬಂದು ಒಂಬತ್ತು ವರ್ಷ ಆಯ್ತು, ಪೊವಾಯಿಯಲ್ಲಿ ಕೂತು ಬ್ಯಾಕೆಂಡ್ ಕೋಡ್ ಬರೆಯೋದು ಕೆಲಸ. ಹಾಯಿದೋಣಿಯ ಹುಚ್ಚು ಹಿಡಿಸಿದ್ದು ನಮ್ಮ ಕಟ್ಟಡದಲ್ಲೇ ಇರುವ ಒಬ್ಬ ನಿವೃತ್ತ ಮರೈನ್ ಎಂಜಿನಿಯರ್. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯೋದು. ಅವರ ಹತ್ತಿರ 30 ಅಡಿಯ ಒಂದು ಹಳೇ ದೋಣಿ ಇದೆ. ಭಾನುವಾರ ಬಂತು ಅಂದ್ರೆ ನಾವು ನಾಲ್ಕು ಜನ ಅದರ ಬಿಟ್ಟಿ ಕೂಲಿಗಳು.

ಹೋದ ಏಪ್ರಿಲ್‌ನ ಒಂದು ಸಂಜೆ. ಕೊಲಾಬಾದ ತುದಿಯಲ್ಲಿರುವ ಪ್ರಾಂಗ್ಸ್ ದೀಪಸ್ತಂಭ ದಾಟಿ ವಾಪಸ್ ಬರ್ತಾ ಇದ್ವಿ. ಗಾಳಿ ಪೂರ್ತಿ ನಿಂತುಹೋಯ್ತು. ಎಂಜಿನ್ ಹಾಕೋಣ ಅಂದ್ರೆ ಡೀಸೆಲ್ ಲೈನಿನಲ್ಲಿ ಕಸ ಸಿಕ್ಕಿಕೊಂಡು ಅದೂ ಕೆಮ್ಮಿ ಸುಮ್ಮನಾಯ್ತು. ಇಳಿತದ ನೀರು ನಮ್ಮನ್ನು ಮೆಲ್ಲಗೆ ದೊಡ್ಡ ಹಡಗುಗಳು ಓಡಾಡುವ ದಾರಿಯ ಕಡೆಗೆ ಎಳೀತಾ ಇತ್ತು. ದೂರದಲ್ಲಿ ಒಂದು ಕಂಟೇನರ್ ಹಡಗು ಒಳಗೆ ಬರ್ತಾ ಇತ್ತು. ಕಾಕಾ ವಿಎಚ್‌ಎಫ್ ರೇಡಿಯೋ ಎತ್ತಿಕೊಂಡು 16ನೇ ಚಾನೆಲ್‌ನಲ್ಲಿ ಕರೆದರು. ಉತ್ತರ ಇಲ್ಲ. ಮತ್ತೆ ಕರೆದರು, ಮತ್ತೊಮ್ಮೆ ಕರೆದರು. ರೇಡಿಯೋದ ಪರದೆ ಬೆಳಗ್ತಾ ಇದೆ, ಸಿಗ್ನಲ್ ಹೊರಡ್ತಾ ಇದೆ ಅಂತ ಚಿಹ್ನೆಯೂ ತೋರಿಸ್ತಾ ಇದೆ. ಆ ಕಡೆಯಿಂದ ಮಾತ್ರ ಮೌನ.

ಕೊನೆಗೆ ಮೊಬೈಲ್‌ನಲ್ಲಿ ಪರಿಚಯದ ಇನ್ನೊಬ್ಬ ದೋಣಿಯವರನ್ನು ಹಿಡಿದೆವು. ಅವರು ಮೋಟಾರ್ ದೋಣಿ ತಂದು ಎಳೆದುಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹಡಗು ನಮ್ಮನ್ನು ಹಾದು ಹೋಗುವವರೆಗೆ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

ಮೊಬೈಲ್ ಇದ್ದಮೇಲೆ ರೇಡಿಯೋ ಯಾಕೆ ಅಂತ ಕೇಳಬಹುದು. ಫೋನ್ ಹೋಗೋದು ಒಬ್ಬರಿಗೆ, ಅದೂ ನಂಬರ್ ಗೊತ್ತಿದ್ದರೆ, ಅದೂ ಟವರ್ ಸಿಕ್ಕರೆ. ಎದುರಿಗೆ ಬರುವ ಹಡಗಿನ ಕಪ್ತಾನನ ನಂಬರ್ ನಿಮ್ಮ ಹತ್ತಿರ ಇರೋದಿಲ್ಲ. 16ನೇ ಚಾನೆಲ್‌ನಲ್ಲಿ ಮಾತಾಡಿದರೆ ಸುತ್ತಲಿನ ಎಲ್ಲ ಹಡಗಿಗೂ, ಕೋಸ್ಟ್ ಗಾರ್ಡ್‌ಗೂ ಒಟ್ಟಿಗೇ ಕೇಳಿಸ್ತದೆ. ಸಮುದ್ರದಲ್ಲಿ "ಯಾರಾದ್ರೂ ಇದ್ದೀರಾ?" ಅಂತ ಕೂಗೋಕೆ ಇರೋ ದಾರಿ ಅದು.

ಮಳೆಗಾಲಕ್ಕೆ ದೋಣಿ ದಡಕ್ಕೆ ಬಂತು, ಕೂವೆ ಇಳಿಸಿದೆವು. ಆಗ ಗೊತ್ತಾಯ್ತು ಕಾರಣ. ತುದಿಯ ಆಂಟೆನಾದಿಂದ ಕೆಳಗೆ ಬರುವ ಕೇಬಲ್‌ನ ಕಪ್ಪು ಹೊದಿಕೆ ಸೀಳಿ ನೋಡಿದರೆ ಒಳಗಿನ ತಾಮ್ರದ ಹೆಣಿಗೆ ಹಸಿರುಗಟ್ಟಿ, ಉಜ್ಜಿದರೆ ಪುಡಿಯಾಗ್ತಾ ಇತ್ತು. ಮೇಲಿನ ಕನೆಕ್ಟರ್‌ನಲ್ಲಿ ನೀರು ಇಳಿದು, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹೆಣಿಗೆಯ ಉದ್ದಕ್ಕೂ ಹರಡಿತ್ತು. ರೇಡಿಯೋ ಸರಿಯಾಗಿತ್ತು, ಬ್ಯಾಟರಿ ಸರಿಯಾಗಿತ್ತು, ಆಂಟೆನಾವೂ ಸರಿಯಾಗಿತ್ತು. ಹಾಳಾಗಿದ್ದು ನಡುವೆ ಯಾರ ಕಣ್ಣಿಗೂ ಬೀಳದ 12 ಮೀಟರ್. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಸರ್ವಿಸ್ ಮಾತ್ರ ಸತ್ತಿದೆ.

ಆ ಕೇಬಲ್ ಬದಲಾಯಿಸೋ ಕೆಲಸ ನನ್ನ ಪಾಲಿಗೆ ಬಂತು. ಈ ತಂತಿ ಕೂವೆಯ ಒಳಗೆ ಬಂದಿದ್ದು ಹೇಗೆ, ಯಾವಾಗ ಅಂತ ಓದ್ತಾ ಹೋದೆ. ಇವತ್ತಿನ ಕಥೆ ಅದೇ.

ಎತ್ತರದ ಲೆಕ್ಕ

ಕೂವೆ ಅಂದ್ರೆ ಕೂವೆ ಹಿಟ್ಟಿನ ಕೂವೆ ಅಲ್ಲ. ಹಾಯಿ ಕಟ್ಟುವ ಎತ್ತರದ ಕಂಬಕ್ಕೆ ಕನ್ನಡದಲ್ಲಿ ಹಳೇ ಹೆಸರು ಅದು, ಕೂವೆಮರ ಅಂತಲೂ ಹೇಳ್ತಾರೆ. ಹೆಸರಲ್ಲೇ ಮರ ಇದೆ ನೋಡಿ. ಬಾಂಬೆ ಡಾಕ್‌ಯಾರ್ಡ್‌ನಲ್ಲಿ ವಾಡಿಯಾ ಕುಟುಂಬದವರು ತೇಗದ ಹಡಗು ಕಟ್ಟುತ್ತಿದ್ದ ಕಾಲದಲ್ಲಿ ಕೂವೆಗೆ ಹೆಸರಾದ ಮರಗಳಲ್ಲಿ ಒಂದು ಪೂನ್. ನಮ್ಮ ಸುರಹೊನ್ನೆಯ ಬಳಗದ್ದು. ಕೆನರಾ ಮತ್ತು ಮಲಬಾರ್‌ನ ಘಟ್ಟದ ಕಾಡುಗಳಲ್ಲಿ ನೆಟ್ಟಗೆ, ಕೊಂಬೆಯಿಲ್ಲದೆ ಬೆಳೆಯುವ ಮರ. ನಮ್ಮೂರಿನ ಮೇಲಿನ ಘಟ್ಟದ ಮರ ಒಂದು ಕಾಲದಲ್ಲಿ ಮುಂಬೈ ಬಂದರಿನಲ್ಲಿ ಕೂವೆಯಾಗಿ ನಿಲ್ಲುತ್ತಿತ್ತು ಅಂತ ಗೊತ್ತಾದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯ್ತು. ಆದರೆ ಅದು ಇಡೀ ಮರ. ಒಳಗೆ ತಂತಿ ಹಾಯಿಸೋಕೆ ಜಾಗ ಇಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಆಂಟೆನಾ ಕೂವೆಯ ತುದಿಗೇ ಯಾಕೆ ಹೋಗಬೇಕು? ಭೂಮಿ ಗುಂಡಗಿದೆ. ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರ ಹೋಗ್ತವೆ, ಕಣ್ಣಿನ ನೋಟದ ಹಾಗೆ. ವಾತಾವರಣದಿಂದಾಗಿ ಸ್ವಲ್ಪ ಬಾಗ್ತವೆ ಅಷ್ಟೆ. ಲೆಕ್ಕ ಸರಳ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತಗೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಅಷ್ಟು ಕಿಲೋಮೀಟರ್ ದೂರಕ್ಕೆ ಅದರ ದಿಗಂತ. ದೋಣಿಯಲ್ಲಿ ಕೂತು ಕೈಯಲ್ಲಿ ಹಿಡಿದ ರೇಡಿಯೋ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 5 ಕಿ.ಮೀ. ನಮ್ಮ ಕೂವೆಯ ತುದಿ ನೀರಿನಿಂದ 13 ಮೀಟರ್. ಅಲ್ಲಿಂದ ಸುಮಾರು 15 ಕಿ.ಮೀ. ಕೇಳುವವರ ಆಂಟೆನಾಕ್ಕೂ ಇದೇ ಲೆಕ್ಕ ಮಾಡಿ ಎರಡನ್ನೂ ಕೂಡಿಸಬೇಕು. ಅಂದ್ರೆ ಕೈಯಲ್ಲಿ ರೇಡಿಯೋ ಹಿಡಿದ ಇಬ್ಬರ ನಡುವೆ 10 ಕಿ.ಮೀ., ಕೂವೆ ತುದಿಯಿಂದ ಕೂವೆ ತುದಿಗೆ 30 ಕಿ.ಮೀ. ವ್ಯಾಟ್ ಎಷ್ಟೇ ಹೆಚ್ಚಿಸಿ, ದಿಗಂತದ ಆಚೆಗೆ ಅದರಿಂದ ದೊಡ್ಡ ಪ್ರಯೋಜನ ಇಲ್ಲ. ಸಣ್ಣ ದೋಣಿಯ ದನಿ ದೂರ ಹೋಗಬೇಕು ಅಂದ್ರೆ ಎತ್ತರಕ್ಕೆ ಹತ್ತಲೇಬೇಕು. ದೋಣಿಯಲ್ಲಿ ಎತ್ತರ ಇರೋದು ಒಂದೇ ಕಡೆ.

ದೋಣಿ ಓಟದ ವರದಿಗಾರ

ಇದನ್ನು ಮೊದಲು ದುಡ್ಡಾಗಿಸಿದವನು ಮಾರ್ಕೋನಿ. ಈ ಹೆಸರು ಬಂದ ಕೂಡಲೇ ಜಗದೀಶ್ ಚಂದ್ರ ಬೋಸರ ಮಾತು ಬರ್ತದೆ ಅಂತ ಗೊತ್ತು. ಅದು ಪ್ರತ್ಯೇಕ ಕಂತಿಗೇ ಆಗುವಷ್ಟು ಇದೆ, ಇಲ್ಲಿ ಬೆರೆಸೋದಿಲ್ಲ. ಮಾರ್ಕೋನಿ ಪ್ರಯೋಗ ಮಾಡ್ತಾ ಗಮನಿಸಿದ್ದು ಇಷ್ಟು: ತಂತಿ ಎತ್ತರಕ್ಕೆ ಹೋದಷ್ಟೂ ಸಂದೇಶ ಹೆಚ್ಚು ದೂರ ಹೋಗ್ತದೆ.

1898ರ ಜುಲೈಯಲ್ಲಿ ಐರ್ಲೆಂಡಿನ ಕಿಂಗ್ಸ್‌ಟೌನ್ ಬಂದರಿನಲ್ಲಿ ಹಾಯಿದೋಣಿಗಳ ಪಂದ್ಯ ನಡೀತು. ಡಬ್ಲಿನ್‌ನ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಗೆ ಪಂದ್ಯದ ಸುದ್ದಿ ಎಲ್ಲರಿಗಿಂತ ಮೊದಲು ಬೇಕಿತ್ತು. ಮಾರ್ಕೋನಿ 'ಫ್ಲೈಯಿಂಗ್ ಹಂಟ್ರೆಸ್' ಅನ್ನೋ ಟಗ್ ದೋಣಿಯ ಕೂವೆಗೆ ತಂತಿ ಕಟ್ಟಿ ಪಂದ್ಯದ ಹಿಂದೆ ಹೋದ. ಅಲ್ಲಿಂದ ಬಂದ ಸಂದೇಶವನ್ನು ದಡದಲ್ಲಿ ಹಿಡಿದು, ಫೋನ್ ಮಾಡಿ ಡಬ್ಲಿನ್‌ಗೆ ಹೇಳೋರು. ದೋಣಿಗಳು ದಡಕ್ಕೆ ಬರೋ ಮುಂಚೆಯೇ ಊರಿಗೆ ಸುದ್ದಿ ಮುಟ್ಟಿತು. ಕ್ರಿಕೆಟ್ ಸ್ಕೋರ್‌ಗೆ ಫೋನ್ ನೋಡ್ತಾ ಕೂರುವ ನಮಗೆ ಇದು ಅರ್ಥವಾಗದೇ ಇರೋದೇನಲ್ಲ.

ಮುಂದಿನ ತಿಂಗಳೇ ರಾಜಮನೆತನದಿಂದ ಕರೆ ಬಂತು. ರಾಣಿ ವಿಕ್ಟೋರಿಯಾ ಐಲ್ ಆಫ್ ವೈಟ್ ದ್ವೀಪದ ಆಸ್ಬರ್ನ್ ಹೌಸ್‌ನಲ್ಲಿ. ಮೊಣಕಾಲು ಪೆಟ್ಟು ಮಾಡಿಕೊಂಡ ಯುವರಾಜ ಎಡ್ವರ್ಡ್ ರಾಜನೌಕೆಯ ಮೇಲೆ. ತಾಯಿಗೆ ಮಗನ ಆರೋಗ್ಯ ತಿಳೀಬೇಕು. ಮಾರ್ಕೋನಿ ನೌಕೆಯ ಕೂವೆಗೆ ತಂತಿ ಏರಿಸಿದ. 16 ದಿನಗಳಲ್ಲಿ ಸುಮಾರು 150 ಸಂದೇಶ ಹೋಗಿ ಬಂದವು. ಊಟ ಆಯ್ತಾ, ನೋವು ಹೇಗಿದೆ ಅನ್ನೋ ತರಹದ ಮನೆಮಾತುಗಳೇ ಇದ್ದಿರಬೇಕು. ವಾರಕ್ಕೆರಡು ಸಲ ಕುಮಟಾದಿಂದ ಆಯಿ ಫೋನ್ ಮಾಡಿದಾಗ ಕೇಳೋದೂ ಅದನ್ನೇ.

1899ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಹತ್ತಿರ ಅಮೆರಿಕಾಸ್ ಕಪ್ ಪಂದ್ಯ. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಮಾರ್ಕೋನಿಯನ್ನು ಕರೆಸಿಕೊಂಡಿತು. ಅವನು 'ಪಾನ್ಸ್' ಅನ್ನೋ ಹಡಗಿನಿಂದ ಪಂದ್ಯದ ಸುದ್ದಿ ಕಳಿಸಿದ. ಒಂದು ಕಡೆ ಅಮೆರಿಕದ 'ಕೊಲಂಬಿಯಾ', ಇನ್ನೊಂದು ಕಡೆ 'ಶ್ಯಾಮ್‌ರಾಕ್'. ಶ್ಯಾಮ್‌ರಾಕ್‌ನ ಒಡೆಯ ಯಾರು ಗೊತ್ತಾ? ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಹಳದಿ ಚೀಟಿಯ ಟೀ ಬ್ಯಾಗ್ ಇರ್ತದಲ್ಲ, ಅದೇ ಲಿಪ್ಟನ್, ಸರ್ ಥಾಮಸ್ ಲಿಪ್ಟನ್. ಅವರು ಸೋತರು. ಹೆಸರು ನೆನಪಿಡಿ, ಇನ್ನೊಮ್ಮೆ ಬರ್ತಾರೆ, ಇನ್ನೊಮ್ಮೆ ಸೋಲ್ತಾರೆ.

ಒಂದು ಮಜಾ ಇದೆ. ಮುಂದೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಎತ್ತರದ ಒಂಟಿ ಕೂವೆಗೆ ತ್ರಿಕೋನದ ಹಾಯಿ ಕಟ್ಟುವ ಕ್ರಮ ಪಂದ್ಯದ ದೋಣಿಗಳಿಗೆ ಬಂದಾಗ, ಅಷ್ಟೆತ್ತರದ ಕೂವೆಯನ್ನು ಹಿಡಿದು ನಿಲ್ಲಿಸೋಕೆ ಸುತ್ತಲೂ ಉಕ್ಕಿನ ತಂತಿಗಳ ಜಾಲವೇ ಬೇಕಾಯ್ತು. ನೋಡೋಕೆ ಮಾರ್ಕೋನಿಯ ರೇಡಿಯೋ ಕಂಬದ ಹಾಗೇ ಕಾಣ್ತಿತ್ತು. ಜನ ಅದಕ್ಕೆ 'ಮಾರ್ಕೋನಿ ರಿಗ್' ಅಂತಲೇ ಹೆಸರಿಟ್ಟರು. ಮೊದಲು ರೇಡಿಯೋ ದೋಣಿಯ ಕೂವೆಯನ್ನು ಎರವಲು ತಗೊಂಡಿತ್ತು, ಆಮೇಲೆ ದೋಣಿಯ ಕೂವೆ ರೇಡಿಯೋದ ಹೆಸರನ್ನು ತಗೊಂಡಿತು. ಇವತ್ತು ಮುಂಬೈ ಬಂದರಿನಲ್ಲಿ ಕಾಣುವ ಹೆಚ್ಚಿನ ಮೋಜಿನ ಹಾಯಿದೋಣಿಗಳ ವಿನ್ಯಾಸ ಅದೇ.

ಆಟದಿಂದ ಆಪತ್ತಿಗೆ

ಪಂದ್ಯದ ಸುದ್ದಿ, ರಾಜಮನೆಯ ಕ್ಷೇಮಸಮಾಚಾರ ಎಲ್ಲ ಆದಮೇಲೆ ನಿಜವಾದ ಪರೀಕ್ಷೆ ಬಂತು. ಇಂಗ್ಲೆಂಡಿನ ಗುಡ್‌ವಿನ್ ಸ್ಯಾಂಡ್ಸ್ ಅನ್ನೋ ಮರಳುದಿಬ್ಬದ ಹತ್ತಿರ ಒಂದು ದೀಪನೌಕೆ ನಿಲ್ಲಿಸಿದ್ದರು, ಅಂದ್ರೆ ಲಂಗರು ಹಾಕಿದ ತೇಲುವ ದೀಪಸ್ತಂಭ. 1898ರ ಕೊನೆಗೆ ಅದರ ಮೇಲೆ ಮಾರ್ಕೋನಿಯ ಉಪಕರಣ ಕೂರಿಸಿದರು. 1899ರ ಏಪ್ರಿಲ್‌ನಲ್ಲಿ ಆರ್. ಎಫ್. ಮ್ಯಾಥ್ಯೂಸ್ ಅನ್ನೋ ಹಡಗು ಮಂಜಿನಲ್ಲಿ ಬಂದು ಆ ನೌಕೆಗೇ ಗುದ್ದಿತು. ನೌಕೆಯವರು ರೇಡಿಯೋದಲ್ಲಿ ದಡಕ್ಕೆ ಸಹಾಯ ಕೇಳಿದರು.

ಅಲ್ಲಿಂದ 13 ವರ್ಷಕ್ಕೆ ಟೈಟಾನಿಕ್. ಸಿನಿಮಾ ನೋಡಿದವರಿಗೂ ಅದರ ಆಂಟೆನಾ ನೆನಪಿರೋದಿಲ್ಲ. ಹಡಗಿನ ಎರಡು ಕೂವೆಗಳ ನಡುವೆ ತಂತಿ ಕಟ್ಟಿತ್ತು, ನಮ್ಮ ಮನೆಗಳ ಹಿಂದೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ. ಅವತ್ತು ಬಳಸ್ತಿದ್ದ ಅಲೆಯ ಉದ್ದ 600 ಮೀಟರ್. ಅದಕ್ಕೆ ತಕ್ಕ ಆಂಟೆನಾವನ್ನು ನೆಟ್ಟಗೆ ನಿಲ್ಲಿಸೋಕೆ ಯಾವ ಹಡಗಿನಲ್ಲೂ ಜಾಗ ಇಲ್ಲ. ಹಾಗಾಗಿ ಸಿಕ್ಕಷ್ಟು ಉದ್ದಕ್ಕೆ ಎಳೆದು ಕಟ್ಟೋದೇ ದಾರಿ.

ಹೆಚ್ಚು ಜನಕ್ಕೆ ಗೊತ್ತಿರದ ಒಂದು ಸಂಗತಿ. ಮುಳುಗುವುದಕ್ಕೆ ಎರಡು ದಿನ ಮೊದಲು ಟೈಟಾನಿಕ್‌ನ ರೇಡಿಯೋ ಕೆಟ್ಟಿತ್ತು. ಜಾಕ್ ಫಿಲಿಪ್ಸ್, ಹೆರಾಲ್ಡ್ ಬ್ರೈಡ್ ಅನ್ನೋ ಇಬ್ಬರು ಹುಡುಗರು ಆಪರೇಟರ್‌ಗಳು. ದೊಡ್ಡ ಉಪಕರಣ ಕೆಟ್ಟರೆ ಬಿಚ್ಚಬೇಡಿ, ಸಣ್ಣ ತುರ್ತು ಸೆಟ್ ಬಳಸಿ, ಬಂದರು ಸೇರಿದಮೇಲೆ ತಂತ್ರಜ್ಞರು ನೋಡ್ತಾರೆ ಅನ್ನೋದು ಕಂಪನಿಯ ನಿಯಮ. ಇವರು ಕೇಳಲಿಲ್ಲ. ರಾತ್ರಿಯೆಲ್ಲ ಕೂತು ಹುಡುಕಿದರು. ಪೆಟ್ಟಿಗೆಯ ಒಳಗೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ತಂತಿಯ ಹೊದಿಕೆ ಸುಟ್ಟುಹೋಗಿತ್ತು. ಸರಿಮಾಡಿದರು. ಏಪ್ರಿಲ್ 14ರ ರಾತ್ರಿ ಹಿಮಗಡ್ಡೆಗೆ ಬಡಿದಾಗ ಆ ದೊಡ್ಡ ಸೆಟ್ಟೇ ಕೆಲಸಕ್ಕೆ ಬಂತು. 'ಕಾರ್ಪೇಥಿಯಾ' ಹಡಗು ಕರೆ ಕೇಳಿಸಿಕೊಂಡು ಬಂದು 700ಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡಿತು. ಬ್ರೈಡ್ ಬದುಕಿದ, ಫಿಲಿಪ್ಸ್ ಬದುಕಲಿಲ್ಲ. ಆನ್-ಕಾಲ್ ಡ್ಯೂಟಿಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ಓದಿದವರಿಗೆಲ್ಲ ಈ ಇಬ್ಬರು ಹತ್ತಿರದವರು ಅನ್ನಿಸ್ತಾರೆ.

ಇನ್ನೂ ಹತ್ತಿರದಲ್ಲಿದ್ದ 'ಕ್ಯಾಲಿಫೋರ್ನಿಯನ್' ಹಡಗಿನ ಒಬ್ಬನೇ ಆಪರೇಟರ್ ಆ ರಾತ್ರಿ ಕೆಲಸ ಮುಗಿಸಿ ಮಲಗಿಬಿಟ್ಟಿದ್ದ. ಇದರಿಂದ ಎರಡು ಪಾಠ ಕಲಿತರು. 1912ರ ಅಮೆರಿಕದ ಕಾನೂನು ಇಬ್ಬರು ಆಪರೇಟರ್ ಬೇಕು, ಹಡಗಿನ ಎಂಜಿನ್ ನಿಂತರೂ ರೇಡಿಯೋ ನಡೆಯೋಕೆ ಪ್ರತ್ಯೇಕ ವಿದ್ಯುತ್ ಬೇಕು ಅಂತ ಹೇಳಿತು. 1914ರಲ್ಲಿ ಲಂಡನ್‌ನಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದ ತಯಾರಾಯ್ತು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಇರಬೇಕು ಅನ್ನೋದು ಅಲ್ಲಿಂದ ದೊಡ್ಡ ಹಡಗುಗಳಿಗೆ ನಿಯಮವೇ ಆಯ್ತು. ಸಣ್ಣ ದೋಣಿಗಳಿಗೆ ಈ ಪಾಠ ಮುಟ್ಟೋಕೆ ಇನ್ನೂ ತುಂಬಾ ವರ್ಷ ಹಿಡೀತು.

ತಂತಿ ಒಳಗೆ ಬಂದದ್ದು

ಇಲ್ಲಿಯವರೆಗೆ ತಂತಿ ಕೂವೆಯ ಹೊರಗೇ ಇದೆ. ಒಳಗೆ ಬರೋಕೆ ಎರಡು ಸಂಗತಿ ಬೇಕಿತ್ತು: ಟೊಳ್ಳು ಕೂವೆ, ಮತ್ತು ಲೋಹದ ಪಕ್ಕದಲ್ಲಿ ಹೋದರೂ ಕೆಡದ ಕೇಬಲ್.

ಕೇಬಲ್‌ನ ಕಥೆ ಮೊದಲು. ಬರಿ ತಂತಿಯಲ್ಲಿ ರೇಡಿಯೋ ಸಿಗ್ನಲ್ ಕಳಿಸಿದರೆ ತಂತಿಯೇ ಆಂಟೆನಾ ಆಗಿ ದಾರಿಯುದ್ದಕ್ಕೂ ಸೋರ್ತದೆ, ಪಕ್ಕದ ಲೋಹ ಅದನ್ನು ಕೆಡಿಸ್ತದೆ. ಅದರ ಸುತ್ತ ಒಂದು ನಿರೋಧಕ ಪದರ, ಆಮೇಲೆ ಕೊಳವೆಯ ಹಾಗೆ ಇನ್ನೊಂದು ತಾಮ್ರದ ಪದರ ಸುತ್ತಿದರೆ ಸಿಗ್ನಲ್ ಎರಡರ ನಡುವೆಯೇ ಉಳೀತದೆ. ಹೊರಗೆ ಮಳೆಯಿರಲಿ, ಅಲ್ಯೂಮಿನಿಯಂ ಇರಲಿ, ಅದಕ್ಕೆ ಗೊತ್ತಾಗೋದಿಲ್ಲ. ಇದು ಕೋಆಕ್ಸಿಯಲ್ ಕೇಬಲ್, ನಮ್ಮ ಹಳೇ ಕೇಬಲ್ ಟಿವಿಯ ತಂತಿಯ ದಾಯಾದಿ. ಈ ವಿನ್ಯಾಸಕ್ಕೆ 1880ರಲ್ಲೇ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಪೇಟೆಂಟ್ ತಗೊಂಡಿದ್ದ. ಕಾಲೇಜಿಗೆ ಹೋಗದೆ ಮನೆಯಲ್ಲೇ ಕೂತು ಗಣಿತ ಕಲಿತ ಮನುಷ್ಯ. ಮ್ಯಾಕ್ಸ್‌ವೆಲ್‌ನ ಸಮೀಕರಣಗಳನ್ನು ನಾವು ಓದುವ ರೂಪಕ್ಕೆ ತಂದವನೂ ಅವನೇ. ದೊಡ್ಡ ಮಟ್ಟದಲ್ಲಿ ಬಳಸುವ ಆಧುನಿಕ ರೂಪ ಕೊಟ್ಟವರು ಅಮೆರಿಕದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್. 1929ರಲ್ಲಿ ಅರ್ಜಿ ಹಾಕಿ 1931ರಲ್ಲಿ ಪೇಟೆಂಟ್ ಪಡೆದರು. ಅವರ ಕಣ್ಣಿದ್ದದ್ದು ಟೆಲಿಫೋನ್ ಮತ್ತು ಟೆಲಿವಿಷನ್ ಮೇಲೆ, ದೋಣಿಯ ಮೇಲಲ್ಲ.

ಈಗ ಕೂವೆ. 1930ರ ಅಮೆರಿಕಾಸ್ ಕಪ್‌ನಲ್ಲಿ 'ಎಂಟರ್‌ಪ್ರೈಸ್' ಅನ್ನೋ ದೋಣಿ ಮರದ ಬದಲು ಡ್ಯುರಾಲುಮಿನ್ ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹದ ಟೊಳ್ಳು ಕೂವೆ ಹಾಕಿಕೊಂಡು ಬಂತು. ವಿಮಾನಗಳ ಲೋಹ ಅದು. ಎದುರಾಳಿ 'ಶ್ಯಾಮ್‌ರಾಕ್ 5', ಒಡೆಯ ಅದೇ ಲಿಪ್ಟನ್. 31 ವರ್ಷದ ನಂತರ ಐದನೇ ಪ್ರಯತ್ನ, ಕೊನೆಯದೂ ಅದೇ. ಸೋತರು. ಎರಡನೇ ಮಹಾಯುದ್ಧದ ನಂತರ ಅಲ್ಯೂಮಿನಿಯಂ ಅಗ್ಗವಾಗಿ, ಅಚ್ಚಿನಿಂದ ಉದ್ದಕ್ಕೆ ಒತ್ತಿ ತೆಗೆದ ಟೊಳ್ಳು ಕೂವೆ ಸಾಮಾನ್ಯರ ದೋಣಿಗೂ ಬಂತು.

ಮೂರನೆಯದು ಅಲೆಯೇ ಗಿಡ್ಡವಾದದ್ದು. 1957ರಲ್ಲಿ ಹೇಗ್ ನಗರದ ಸಮ್ಮೇಳನದಲ್ಲಿ ಹಡಗುಗಳ ವಿಎಚ್‌ಎಫ್ ರೇಡಿಯೋಗೆ ಸಮಾನ ವ್ಯವಸ್ಥೆ ಒಪ್ಪಿಕೊಂಡರು. ಇವತ್ತಿನ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು 1.9 ಮೀಟರ್, ಅದರ ಅರ್ಧದ ಆಂಟೆನಾ ಒಂದು ಮೀಟರ್‌ಗಿಂತ ಕಡಿಮೆ. ಎರಡು ಕೂವೆಗಳ ನಡುವೆ ಕಟ್ಟಬೇಕಿದ್ದದ್ದು ಈಗ ಒಂದು ಕೂವೆಯ ತುದಿಯಲ್ಲಿ ಕಡ್ಡಿಯ ಹಾಗೆ ನಿಲ್ತದೆ. ಕೇಬಲ್ ಟೊಳ್ಳು ಕೂವೆಯೊಳಗೆ ಇಳೀತದೆ. ಗಾಳಿಗೆ ಅಡ್ಡಿಯಿಲ್ಲ, ಹಾಯಿಗೆ ತೊಡಕಿಲ್ಲ. ನೋಡೋಕೂ ಚಂದ. ಆದರೆ ಕೆಟ್ಟರೆ ಕಣ್ಣಿಗೆ ಕಾಣೋದಿಲ್ಲ.

1979ರ ಆಗಸ್ಟ್

ಇಂಗ್ಲೆಂಡಿನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಬರುವ ಪಂದ್ಯ. ಆ ವರ್ಷ 303 ದೋಣಿ ಹೊರಟವು. ನಡುವೆ ಬಿರುಗಾಳಿ ಎದ್ದಿತು. ಸ್ಪರ್ಧಿಗಳಲ್ಲಿ 15 ಜನ ಸತ್ತರು, 24 ದೋಣಿಗಳನ್ನು ಜನ ಬಿಟ್ಟು ಹೋಗಬೇಕಾಯ್ತು. ಎಷ್ಟೋ ದೋಣಿಗಳಲ್ಲಿ ಮಾತಾಡುವ ರೇಡಿಯೋವೇ ಇರಲಿಲ್ಲ. ಆಮೇಲೆ ಆ ಪಂದ್ಯಕ್ಕೆ ವಿಎಚ್‌ಎಫ್ ಕಡ್ಡಾಯವಾಯ್ತು. ದೊಡ್ಡ ಹಡಗುಗಳಿಗೆ 1912ರಲ್ಲಿ ಬಂದ ಪಾಠ ಸಣ್ಣ ದೋಣಿಗೆ ಬಂದದ್ದು ಇಷ್ಟು ತಡವಾಗಿ, ಇಷ್ಟು ಜೀವ ತೆತ್ತು.

ಸಮುದ್ರದ ದೂರದ ಪಂದ್ಯಗಳಿಗೆ ಈಗ ಇರುವ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮದಲ್ಲಿ ನನಗೆ ತುಂಬ ಹಿಡಿಸಿದ ಎರಡು ಸಾಲುಗಳಿವೆ. ಒಂದು, ಕೂವೆ ತುದಿಯ ಆಂಟೆನಾಕ್ಕೆ ಹೋಗುವ ಕೇಬಲ್‌ನಲ್ಲಿ ಶಕ್ತಿ ಶೇ. 40ಕ್ಕಿಂತ ಹೆಚ್ಚು ನಷ್ಟ ಆಗಬಾರದು. ಎರಡು, ಮುಖ್ಯ ಆಂಟೆನಾ ಕೂವೆಯನ್ನು ಅವಲಂಬಿಸಿದ್ದರೆ ಬೇರೆ ಒಂದು ತುರ್ತು ಆಂಟೆನಾ ಇರಬೇಕು.

ಮೊದಲನೆಯದರ ಲೆಕ್ಕ ನೋಡಿ. ರೇಡಿಯೋದ ಶಕ್ತಿ 25 ವ್ಯಾಟ್, ಕೇಬಲ್ 20 ಮೀಟರ್ ಅಂದುಕೊಳ್ಳಿ. ಪೆನ್ಸಿಲ್‌ಗಿಂತ ತೆಳ್ಳಗಿನ ಆರ್‌ಜಿ-58 ಹಾಕಿದರೆ ಮೇಲೆ ತಲುಪೋದು ಸುಮಾರು 10 ವ್ಯಾಟ್. 10 ಮಿಲಿಮೀಟರ್ ದಪ್ಪದ ಆರ್‌ಜಿ-213 ಹಾಕಿದರೆ ಸುಮಾರು 16. ಉಳಿದದ್ದೆಲ್ಲ ಕೇಬಲ್‌ನೊಳಗೇ ಬಿಸಿಯಾಗಿ ಕರಗ್ತದೆ. ದಪ್ಪ ಕೇಬಲ್ ಭಾರ, ಕೂವೆಯ ಮೇಲೆ ಭಾರ ಹೆಚ್ಚಾದರೆ ದೋಣಿ ಹೆಚ್ಚು ಓಲಾಡ್ತದೆ. ಅದಕ್ಕೇ ಎಷ್ಟೋ ಜನ ತೆಳ್ಳಗಿನದನ್ನೇ ಹಾಕಿಬಿಡ್ತಾರೆ. ನಮ್ಮ ದೋಣಿಯಲ್ಲೂ ಇದ್ದದ್ದು ಅದೇ.

ಎರಡನೆಯದರ ಬೆಲೆ ನಮ್ಮ ದೇಶದವರೇ ಒಬ್ಬರಿಗೆ ಗೊತ್ತಾಯ್ತು. 2018ರ ಗೋಲ್ಡನ್ ಗ್ಲೋಬ್ ಪಂದ್ಯ, ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕು. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಗೋವಾದಲ್ಲಿ ಕಟ್ಟಿದ 'ತುರಿಯಾ' ದೋಣಿಯಲ್ಲಿ ಹೊರಟಿದ್ದರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ದೋಣಿಯನ್ನು ಉರುಳಿಸಿತು. ಕೂವೆಗಳು ಮುರಿದವು. ಬೆನ್ನುಮೂಳೆಗೆ ಪೆಟ್ಟಾಗಿ ಎದ್ದು ಕೂರೋಕೂ ಆಗದ ಸ್ಥಿತಿ. ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರ. ಕೂವೆ ನೀರಿಗೆ ಬಿದ್ದಮೇಲೆ ಅದರ ತುದಿಗೆ ಏನಿದ್ದರೇನು? ಹೊರಗಿನವರಿಗೆ ಅವರ ಸ್ಥಿತಿ ಗೊತ್ತಾದದ್ದು ಉಪಗ್ರಹದ ಮೂಲಕ ಸಣ್ಣ ಸಂದೇಶ ಕಳಿಸುವ ಅಂಗೈಯಗಲದ ಒಂದು ಉಪಕರಣದಿಂದ. ಅದರ ಆಂಟೆನಾ ಅದರೊಳಗೇ ಇತ್ತು, ಕೂವೆಯ ಹಂಗು ಇರಲಿಲ್ಲ. ಮಲಗಿದಲ್ಲಿಂದಲೇ ಬೆರಳಲ್ಲಿ ಒತ್ತಿ, ದೋಣಿ ಉರುಳಿದೆ, ಬೆನ್ನಿಗೆ ಪೆಟ್ಟಾಗಿದೆ, ಏಳೋಕೆ ಆಗ್ತಿಲ್ಲ ಅಂತ ತಿಳಿಸಿದರು. ಭಾರತೀಯ ನೌಕಾಪಡೆಯ ವಿಮಾನ ದೋಣಿಯನ್ನು ಪತ್ತೆಹಚ್ಚಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ 'ಒಸಿರಿಸ್' ಹಡಗು ಅವರನ್ನು ಎತ್ತಿಕೊಂಡಿತು. ಅದೇ ಮನುಷ್ಯ ಮುಂದಿನ ಸಲದ ಅದೇ ಪಂದ್ಯಕ್ಕೆ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು.

ನಾನು ಮಾಡಿದ ಎಡವಟ್ಟು

ಈಗ ನಮ್ಮ ದೋಣಿಗೆ ಬರೋಣ. ಕೂವೆಯನ್ನು ಮರದ ಸ್ಟ್ಯಾಂಡ್‌ಗಳ ಮೇಲೆ ಅಡ್ಡ ಮಲಗಿಸಿತ್ತು. ಒಳಗೆ ಹಾಯಿ ಏರಿಸುವ ಹಗ್ಗಗಳು ಒಂದು ಕಡೆ, ವೈರ್‌ಗಳಿಗೆ ಗೋಡೆಗೆ ಅಂಟಿಕೊಂಡ ಒಂದು ಪಿವಿಸಿ ಪೈಪ್ ಇನ್ನೊಂದು ಕಡೆ. ಕ್ರಮ ಹೀಗೆ: ಹಳೇ ಕೇಬಲ್‌ನ ಒಂದು ತುದಿಗೆ ಗಟ್ಟಿ ದಾರ ಕಟ್ಟಬೇಕು. ಇನ್ನೊಂದು ತುದಿಯಿಂದ ಕೇಬಲ್ ಎಳೆದರೆ ದಾರ ಅದರ ಹಿಂದೆ ಒಳಗೆ ಬರ್ತದೆ. ಆಮೇಲೆ ಆ ದಾರಕ್ಕೆ ಹೊಸ ಕೇಬಲ್ ಕಟ್ಟಿ ವಾಪಸ್ ಎಳೀಬೇಕು.

"ದಾರವನ್ನು ಗಂಟು ಹಾಕಿ, ಮೇಲೆ ಹೊಲಿದು, ಅದರ ಮೇಲೆ ಟೇಪ್ ಸುತ್ತು," ಅಂದ್ರು ಕಾಕಾ. ನಾನು ಬರೀ ಟೇಪ್ ಸುತ್ತಿದೆ. "ಸಾಕು ಕಾಕಾ, ಗಟ್ಟಿ ಇದೆ," ಅಂದೆ. ಅರ್ಧ ದಾರಿ ಎಳೆಯುವಾಗ ಕೈಗೆ ಒಮ್ಮೆಗೇ ಹಗುರ ಅನ್ನಿಸ್ತು. ಹಳೇ ಕೇಬಲ್ ಪೂರ್ತಿ ನನ್ನ ಕೈಯಲ್ಲಿ, ದಾರ ಒಳಗೆಲ್ಲೋ.

ಕಾಕಾ ಬೈಯಲಿಲ್ಲ. ಅದೇ ಹೆಚ್ಚು ಕಷ್ಟ ಆಯ್ತು. "ಬ್ಯಾಕಪ್ ತಗೊಳ್ಳದೆ ಡಿಲೀಟ್ ಮಾಡೋದು ಅಂದ್ರೆ ಇದೇನಾ?" ಅಂತ ಅಷ್ಟೇ ಕೇಳಿದರು.

ಗೋಡೆಯ ಪೈಪಿನಲ್ಲಿ ವೈರ್ ಎಳೆಯೋಕೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಉಕ್ಕಿನ ಪಟ್ಟಿ ತೂರಿಸಿದೆವು, ಪೈಪ್ ಬಿರುಕು ಬಿಟ್ಟ ಜಾಗದಲ್ಲಿ ಸಿಕ್ಕಿಹಾಕಿಕೊಳ್ತು. ಒಂದು ದಿನ ಅದರಲ್ಲೇ ಹೋಯ್ತು. ಮರುವಾರ ನಾನೊಂದು ಉಪಾಯ ತಂದೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯೋದಿಲ್ಲ, ಉಕ್ಕಿಗೆ ಹಿಡೀತದೆ. ಗಾಳದ ನೂಲಿಗೆ ಒಂದು ಸಣ್ಣ ಉಕ್ಕಿನ ನಟ್ ಕಟ್ಟಿ ಪೈಪಿನ ಬಾಯಿಗೆ ಹಾಕಿದೆ. ಹೊರಗಿನಿಂದ, ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದ ಬಲವಾದ ಅಯಸ್ಕಾಂತವನ್ನು ಕೂವೆಯ ಮೈಮೇಲೆ ಸವರುತ್ತಾ ನಡೆದೆ. ಒಳಗೆ ನಟ್ ಟಕ್ ಟಕ್ ಅಂತ ಹಿಂದೆಯೇ ಬಂತು. ಬಿರುಕಿನ ಹತ್ತಿರ ಎರಡು ಸಲ ತಪ್ಪಿಸಿಕೊಂಡು ಮೂರನೇ ಸಲ ದಾಟಿತು. ನೂಲಿಗೆ ದಾರ, ದಾರಕ್ಕೆ ಕೇಬಲ್. ಈ ಸಲ ಹೊಲಿದೆ.

ಹೊಸದು ಆರ್‌ಜಿ-213. ತುದಿಯಲ್ಲಿ ಕೇಬಲ್‌ನ ಭಾರ ಕನೆಕ್ಟರ್‌ನ ಮೇಲೆ ಬೀಳದ ಹಾಗೆ ಕ್ಲಾಂಪ್ ಹಾಕಿದೆವು. ಕನೆಕ್ಟರ್‌ನ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿದೆವು. ಅದರ ಕೆಳಗೆ ಕೇಬಲ್ ಒಂದು ಸಣ್ಣ ಬಳುಕು ಹಾಕಿ ಒಳಗೆ ಹೋಗ್ತದೆ, ಮಳೆನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕಲಿ ಅಂತ. ದೋಣಿಯ ಹಿಂಬದಿಯ ಕಂಬಿಗೆ, ನೀರಿನಿಂದ ಎರಡು ಮೀಟರ್ ಎತ್ತರದಲ್ಲಿ, ತುರ್ತಿಗೆ ಇನ್ನೊಂದು ಆಂಟೆನಾ. ಅದರ ದಿಗಂತ 6 ಕಿ.ಮೀ.ಗಿಂತ ಕಡಿಮೆ. ಆದರೆ 30 ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ದೊಡ್ಡ ಹಡಗಿನ ದಿಗಂತ ಸುಮಾರು 22 ಕಿ.ಮೀ.; ಎರಡೂ ಸೇರಿ 28. ಎದುರಿಗೆ ಬರುವ ಹಡಗಿಗೆ ಕೇಳಿಸೋಕೆ ಅಷ್ಟು ಸಾಕು.

ಹೊಸ ಕೇಬಲ್ ಎಳೆಯುವಾಗ ಅದರ ಜೊತೆಗೇ ಇನ್ನೊಂದು ದಾರವನ್ನೂ ಎಳೆದು, ಎರಡೂ ತುದಿಗೆ ಕಟ್ಟಿ, ಒಳಗೇ ಬಿಟ್ಟಿದ್ದೇವೆ. ಈ ಕೇಬಲ್ ಕೂಡ ಒಂದು ದಿನ ಹಸಿರುಗಟ್ತದೆ. ಅವತ್ತು ಬದಲಾಯಿಸೋರು ಯಾರೋ, ನಾನು ಮುಂಬೈಯಲ್ಲಿ ಇರ್ತೀನೋ ಇಲ್ಲವೋ. ಅವರಿಗೆ ಅಯಸ್ಕಾಂತ ಹುಡುಕುವ ಕೆಲಸ ಇರಬಾರದು.

ಅಕ್ಟೋಬರ್‌ನಲ್ಲಿ ಕೂವೆ ಮತ್ತೆ ಎದ್ದು ನಿಂತಿತು. ಮೊದಲ ಭಾನುವಾರ ಪ್ರಾಂಗ್ಸ್ ಹತ್ತಿರ ಹೋದಾಗ ಕಾಕಾ ಮೈಕ್ ನನ್ನ ಕೈಗೆ ಕೊಟ್ಟರು. ಪರೀಕ್ಷೆಗೆ 16 ಬಳಸೋದಿಲ್ಲ, ಮೊದಲೇ ಮಾತಾಡಿಕೊಂಡ ಬೇರೆ ಚಾನೆಲ್. ಆ ಕಡೆ ಮಾಂಡವಾ ಹತ್ತಿರ ನಮ್ಮ ಪರಿಚಯದ ದೋಣಿ. ಒತ್ತಿ ಹಿಡಿದು ನಮ್ಮ ದೋಣಿಯ ಹೆಸರು ಹೇಳಿ, ಕೇಳಿಸ್ತಾ ಇದೆಯಾ ಅಂದೆ. ಎರಡು ಸೆಕೆಂಡ್ ಏನೂ ಇಲ್ಲ. ಏಪ್ರಿಲ್‌ನ ಸಂಜೆ ನೆನಪಾಯ್ತು. ಆಮೇಲೆ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ದನಿ ಬಂತು: ಚೆನ್ನಾಗಿ ಕೇಳಿಸ್ತಾ ಇದೆ.

ಕಾಕಾ ತುದಿಯ ಆಂಟೆನಾದ ಕೇಬಲ್ ಬಿಚ್ಚಿ ಹಿಂಬದಿಯದ್ದನ್ನು ಹಾಕಿ, ಮತ್ತೆ ಮೈಕ್ ಕೊಟ್ಟರು. "ಈಗ ಇದರಲ್ಲೂ ಕೇಳು," ಅಂದ್ರು. ಅದರಲ್ಲೂ ಉತ್ತರ ಬಂತು, ಸ್ವಲ್ಪ ಕರಕರ ಅಂತ. ಅದಾದಮೇಲೇ ಅವರು ಫ್ಲಾಸ್ಕ್ ತೆಗೆದು ಎಲ್ಲರಿಗೂ ಚಹಾ ಬಗ್ಗಿಸಿದ್ದು.

ಇವತ್ತಿಗೆ ಇಷ್ಟು.